ನೀರಿನ ನಡೆ, ಗಡ್ಡೆಯ ನೆಲೆ

ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುತ್ತದೆ. ಇಲ್ಲವೇ ದುರ್ವಾಸನೆಯ ಬಿಳಿಸೆರಗು ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವವರೇ ಕಡಿಮೆ. ಡಾಕ್ಟರ ಮುಂದೆ ಹೇಳುವ ಹೊತ್ತಿಗೆ ಇನ್ನಷ್ಟು ತಡವಾಗಿರುತ್ತದೆ. ಹೇಳಿಕೊಂಡ ಮೇಲೆ ಅಕ್ಕಪಕ್ಕದವರಿಂದ ಹಿಡಿದು ದವಾಖಾನೆಯವರೆಗೆ ಸಿಗುವ ಸಲಹೆ ಬಹಳ ಸಲ ಒಂದೇ: “ಮಕ್ಕಳಾದ್ವಲ್ಲ, ಇನ್ನ ಚೀಲ ತಗಸಿಬಿಡ್ರಿ, ಪೀಡಾ ಹೋಗ್ಲಿ.”

ಗರ್ಭಚೀಲ ತೆಗೆಸಿದ ಮಾತ್ರಕ್ಕೆ ಪೀಡೆ ಹೋಗುವುದಿಲ್ಲ. ರಕ್ತಕ್ಕೆ ಕಾರಣ ಕ್ಯಾನ್ಸರ್ ಆಗಿದ್ದರೆ, ನೋಡದೆ ಮಾಡಿದ ಆ ಶಸ್ತ್ರಚಿಕಿತ್ಸೆಯೇ ಮುಂದಿನ ಚಿಕಿತ್ಸೆಯ ದಾರಿಯನ್ನು ಮುಚ್ಚಿಬಿಡಬಹುದು. ಅದು ಹೇಗೆಂಬುದನ್ನು ಈ ಅಧ್ಯಾಯದಲ್ಲೇ ನೋಡೋಣ. ತೆಗೆಯುವ ಮೊದಲು ನೋಡಬೇಕು ಎಂಬುದು ಇಲ್ಲಿಯ ಮುಖ್ಯ ಮಾತು. ಹಾಗೆ ನೋಡುವುದಕ್ಕೆ ಭೌತವಿಜ್ಞಾನ ಕೊಟ್ಟಿರುವ ಒಂದು ಸೊಗಸಾದ ಸಾಧನವಿದೆ: ದೇಹದೊಳಗಿನ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಎಂದು ಅಳೆದು ಗಡ್ಡೆಯ ಗಡಿ ಹೇಳುವ ಎಂಆರ್‌ಐ. ಅದರ ಹೆಸರು ಡಿಫ್ಯೂಷನ್ ಎಂಆರ್‌ಐ; ವೈದ್ಯರ ಬಾಯಲ್ಲಿ ಡಿಡಬ್ಲ್ಯುಐ.

ಸುಮ್ಮನಿರದ ನೀರು

ಲೋಟದಲ್ಲಿಟ್ಟ ನೀರು ಕಣ್ಣಿಗೆ ನಿಶ್ಚಲ. ಒಳಗಿನ ಅಣುಗಳಿಗೆ ಮಾತ್ರ ಒಂದು ಗಳಿಗೆಯೂ ಬಿಡುವಿಲ್ಲ. ಶಾಖ ಅವನ್ನು ಓಡಿಸುತ್ತದೆ. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಅವು ದಿಕ್ಕು ಬದಲಿಸುತ್ತಲೇ ಇರುತ್ತವೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್, ಪರಾಗದಿಂದ ಹೊರಬಂದ ಸೂಕ್ಷ್ಮ ಕಣಗಳು ನೀರಿನಲ್ಲಿ ಅಡ್ಡಾದಿಡ್ಡಿ ಕುಣಿಯುವುದನ್ನು ಕಂಡರು. ಆ ಕುಣಿತಕ್ಕೆ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟರು. ಒಂದು ಕಣ ಯಾವ ಕಡೆಗೆ ಹೋಗುತ್ತದೆಂದು ಹೇಳಲಾಗದು. ಇಷ್ಟು ಹೊತ್ತಿನಲ್ಲಿ ಸರಾಸರಿ ಎಷ್ಟು ದೂರ ಸರಿದಿರುತ್ತದೆಂದು ಹೇಳಬಹುದು. ಆ ಲೆಕ್ಕದ ಪ್ರಕಾರ ನಮ್ಮ ಮೈಯ ಬಿಸಿಯಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಡೆತಡೆಯಿಲ್ಲದ ನೀರಿನ ಅಣು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಒಂದು ದಿಕ್ಕಿನಲ್ಲಿ ಸುಮಾರು 17 ಮೈಕ್ರಾನ್ ಸರಿಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಈ 17 ಮೈಕ್ರಾನ್ ಬಹಳ ಅನುಕೂಲದ ಅಂಕಿ. ನಮ್ಮ ದೇಹದ ಅನೇಕ ಜೀವಕೋಶಗಳ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅಷ್ಟು ಹೊತ್ತಿನಲ್ಲಿ ನೀರಿನ ಅಣು ಕೋಶದ ಪೊರೆಗೆ ಬಡಿಯುತ್ತದೆ, ಕೋಶಗಳ ನಡುವಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದವರಿಗೆ ಇದು ಅನುಭವದಿಂದಲೇ ಗೊತ್ತು: ತೇರಿನ ಹತ್ತಿರ ಹೆಜ್ಜೆ ಎತ್ತಿಡಲು ಜಾಗವಿರದು, ಮೈದಾನದ ಅಂಚಿಗೆ ಬಂದರೆ ಬೇಕಾದಲ್ಲಿಗೆ ನಡೆಯಬಹುದು. ಮೇಲಿನಿಂದ ನೋಡುವವರು ಜನರ ತಲೆ ಎಣಿಸಬೇಕಿಲ್ಲ; ಒಬ್ಬರು ನಿಮಿಷದಲ್ಲಿ ಎಷ್ಟು ದೂರ ಸರಿದರು ಎಂಬುದಷ್ಟೇ ತಿಳಿದರೆ ದಟ್ಟಣೆ ಎಲ್ಲಿದೆಯೆಂದು ಹೇಳಿಬಿಡಬಹುದು. ಕ್ಯಾನ್ಸರ್ ಗಡ್ಡೆಯಲ್ಲಿ ಕೋಶಗಳು ಮಿತಿಮೀರಿ ಹೆಚ್ಚಿ ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ, ಅವುಗಳ ನಡುವಿನ ಸಂದು ಕಿರಿದಾಗಿರುತ್ತದೆ. ಅಲ್ಲಿ ನೀರಿಗೆ ಓಡಾಟ ಕಷ್ಟ.

ಅಣುವಿನ ಓಡಾಟವನ್ನು ಹೊರಗಿನಿಂದ ಅಳೆಯುವುದು ಹೇಗೆ? ಎಂಆರ್‌ಐ ಯಂತ್ರದ ಅಯಸ್ಕಾಂತದ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ಅದರೊಳಗೆ ನೀರಿನ ಹೈಡ್ರೋಜನ್ ಬೀಜಗಳಿಗೆ ರೇಡಿಯೋ ತರಂಗ ತಾಗಿಸಿದರೆ ಅವು ಮರುದನಿ ಕೊಡುತ್ತವೆ. 1950ರಲ್ಲಿ ಅಮೆರಿಕದ ಎರ್ವಿನ್ ಹಾನ್ ಈ ಮರುದನಿಯನ್ನು ಕಂಡುಹಿಡಿದಾಗಲೇ, ಅಣುಗಳು ಜಾಗ ಬದಲಿಸಿದರೆ ಅದು ಕ್ಷೀಣಿಸುತ್ತದೆಂದು ಗುರುತಿಸಿದ್ದರು. ಮರುವರ್ಷ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆಂದು ತೋರಿಸಿದರು. ಚಲನೆಯನ್ನು ಕಾಂತ ಅನುರಣನದಿಂದ ಅರಿಯುವ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ನೆಲದಲ್ಲೇ ಮೂಡಿದ್ದು ಕನ್ನಡದ ಓದುಗರಿಗೆ ತಿಳಿದಿರಬೇಕಾದ ಸಂಗತಿ.

1965ರಲ್ಲಿ ಸ್ಟೆಸ್ಕಲ್ ಮತ್ತು ಟ್ಯಾನರ್ ಅಳತೆಗೆ ಖಚಿತ ವಿಧಾನ ಕೊಟ್ಟರು. ಕ್ಷಣಮಾತ್ರದ ಒಂದು ಕಾಂತ ಮಿಡಿತ ಪ್ರತಿ ಅಣುವಿಗೂ ಅದಿರುವ ಜಾಗದ ಗುರುತು ಹಾಕುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಿಡಿತ ಆ ಗುರುತನ್ನು ಅಳಿಸುತ್ತದೆ. ಅಣು ಇದ್ದಲ್ಲೇ ಇದ್ದರೆ ಗುರುತು ಪೂರ್ತಿ ಅಳಿಸಿ ಸಂಕೇತ ಗಟ್ಟಿಯಾಗಿ ಬರುತ್ತದೆ. ನಡುವೆ ಸರಿದುಹೋಗಿದ್ದರೆ ಲೆಕ್ಕ ಹೊಂದದೆ ಸಂಕೇತ ಕುಗ್ಗುತ್ತದೆ. ಇದನ್ನು ಚಿತ್ರವಾಗಿಸಿ ಮನುಷ್ಯನ ಮಿದುಳಿನಲ್ಲಿ ತೋರಿಸಿದವರು ಫ್ರಾನ್ಸಿನ ಡೆನಿ ಲ ಬಿಹಾನ್, 1980ರ ದಶಕದ ನಡುವಿನಲ್ಲಿ. ಹೊಟ್ಟೆಯೊಳಗೆ ಮಾತ್ರ ಉಸಿರಾಟ, ಕರುಳಿನ ಚಲನೆ ಎಲ್ಲವೂ ಅಳತೆಯನ್ನು ಕೆಡಿಸುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಕಿಬ್ಬೊಟ್ಟೆಯ ಗಡ್ಡೆಗಳಿಗೂ ಈ ವಿದ್ಯೆ ಒದಗಿತು.

ನೂರರಲ್ಲಿ ಉಳಿದದ್ದೆಷ್ಟು?

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಚಿತ್ರ ಓದುವ ಗುಟ್ಟು ಕೈಗೆ ಸಿಗುತ್ತದೆ. ಕಾಂತ ಮಿಡಿತದ ಬಿರುಸನ್ನು ಹೇಳುವ ಅಂಕಿಗೆ ಬಿ ಮೌಲ್ಯ ಎನ್ನುತ್ತಾರೆ. ಬಿ ಸೊನ್ನೆಯಾಗಿದ್ದಾಗ ಎಲ್ಲ ಅಂಗಗಳ ಸಂಕೇತ 100 ಎಂದುಕೊಳ್ಳೋಣ. ಈಗ ಬಿ ಮೌಲ್ಯವನ್ನು 1000ಕ್ಕೆ ಏರಿಸೋಣ. ಮೂತ್ರಚೀಲದಲ್ಲಿರುವುದು ಹೆಚ್ಚುಕಡಿಮೆ ಬರೀ ನೀರು. ಅದರ ಹರಡುವಿಕೆಯ ಪ್ರಮಾಣ ಸೆಕೆಂಡಿಗೆ ಒಂದು ಚದರ ಮಿಲಿಮೀಟರಿನ ಸಾವಿರದಲ್ಲಿ 3 ಭಾಗ. ಅಲ್ಲಿಯ ಸಂಕೇತ 100ರಿಂದ 5ಕ್ಕೆ ಕುಸಿಯುತ್ತದೆ. ಅದೇ ಅಳತೆಯಲ್ಲಿ ಆರೋಗ್ಯವಂತ ಗರ್ಭಕಂಠದ ಅಂಗಾಂಶ 1.7ರ ಆಸುಪಾಸಿನಲ್ಲಿದ್ದರೆ ಉಳಿಯುವುದು 18. ಕ್ಯಾನ್ಸರ್ ಗಡ್ಡೆಯಲ್ಲಿ ಪ್ರಮಾಣ 0.8ಕ್ಕೆ ಇಳಿದಿದ್ದರೆ 45 ಉಳಿಯುತ್ತದೆ. ಸುತ್ತಲಿನದೆಲ್ಲ ಮಂಕಾಗಿ, ಗಡ್ಡೆಯೊಂದು ಬೆಳಗುತ್ತ ಎದ್ದು ಕಾಣುತ್ತದೆ.

ಎರಡು ಬಿ ಮೌಲ್ಯಗಳಲ್ಲಿ ಸಂಕೇತ ಎಷ್ಟೆಷ್ಟು ಎಂದು ತಾಳೆ ನೋಡಿ ಗಣಕ ಇನ್ನೊಂದು ನಕ್ಷೆ ಬಿಡಿಸುತ್ತದೆ. ಅದು ಎಡಿಸಿ ನಕ್ಷೆ. ಹರಡುವಿಕೆ ಕಡಿಮೆ ಇರುವ ಜಾಗ ಅದರಲ್ಲಿ ಕಪ್ಪು. ಡಿಡಬ್ಲ್ಯುಐಯಲ್ಲಿ ಬೆಳ್ಳಗೆ, ಎಡಿಸಿ ನಕ್ಷೆಯಲ್ಲಿ ಕಪ್ಪಗೆ: ಎರಡೂ ಕೂಡಿದಾಗಲೇ ರೇಡಿಯಾಲಜಿಸ್ಟ್ ಆ ಜಾಗದ ಮೇಲೆ ಬೆರಳಿಡುವುದು. ಬರೀ ಡಿಡಬ್ಲ್ಯುಐ ನಂಬಿದರೆ ಮೋಸ ಹೋಗಬಹುದು. ಕೆಲವು ಅಂಗಾಂಶಗಳು ಹುಟ್ಟಾ ಬೆಳ್ಳಗಿದ್ದು, ನೀರು ಸಲೀಸಾಗಿ ಹರಿದರೂ ಆ ಬಿಳುಪನ್ನು ಉಳಿಸಿಕೊಂಡಿರುತ್ತವೆ.

ಮೂರು ಅಂಗ, ಮೂರು ಪ್ರಶ್ನೆ

ಗರ್ಭಕಂಠದಲ್ಲಿ ಕೇಳುವ ಪ್ರಶ್ನೆ: ಗಡ್ಡೆ ಎಷ್ಟು ದೊಡ್ಡದು, ಕಂಠದ ಗೋಡೆ ದಾಟಿದೆಯೇ? 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಅದರಿಂದ ಸಾಯುತ್ತಾರೆ. ಬಹುಕಾಲ ಇದರ ಹಂತವನ್ನು ವೈದ್ಯರು ಮುಖ್ಯವಾಗಿ ಕೈಯಿಂದ ಮುಟ್ಟಿ ನೋಡಿ ತೀರ್ಮಾನಿಸುತ್ತಿದ್ದರು. 2018ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ ನಿಯಮ ಬದಲಿಸಿ, ಹಂತ ನಿರ್ಧಾರಕ್ಕೆ ಎಂಆರ್‌ಐಯಂಥ ಚಿತ್ರಗಳನ್ನೂ ಒಪ್ಪಿತು.

ಪರದೆಯ ಮೇಲೆ ನೋಡುವುದು ಹೀಗೆ. ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ಗರ್ಭಕಂಠದ ಸುತ್ತ ಕಪ್ಪು ಉಂಗುರವೊಂದು ಕಾಣುತ್ತದೆ. ಅದು ನಾರಿನಂಥ ಗಟ್ಟಿ ಗೋಡೆ. ಒಳಗಿನ ಬೂದು ಬಣ್ಣದ ಗಡ್ಡೆ ಆ ಉಂಗುರದೊಳಗೇ ಇದ್ದರೆ ಒಂದು ಲೆಕ್ಕ. ಉಂಗುರ ಒಡೆದು ಪಕ್ಕದ ಕೊಬ್ಬಿಗೆ ಚಾಚಿದ್ದರೆ ಬೇರೆಯೇ ಲೆಕ್ಕ. ಆದರೆ ಗಡ್ಡೆಯ ಸುತ್ತ ಬಾವು ಬಂದಿದ್ದರೆ ಅದೂ ಬೂದಾಗಿಯೇ ಕಂಡು, ಗಡ್ಡೆ ಇರುವುದಕ್ಕಿಂತ ದೊಡ್ಡದೆಂಬ ಭ್ರಮೆ ಹುಟ್ಟಿಸುತ್ತದೆ. ಡಿಡಬ್ಲ್ಯುಐ ನೆರವಿಗೆ ಬರುವುದು ಇಲ್ಲಿ. ಬಾವಿನಲ್ಲಿ ನೀರು ಸಲೀಸು, ಅದು ಮಂಕಾಗುತ್ತದೆ. ನಿಜವಾದ ಗಡ್ಡೆ ಬೆಳಗುತ್ತಲೇ ಇರುತ್ತದೆ. ಗಡ್ಡೆ 4 ಸೆಂಟಿಮೀಟರಿಗಿಂತ ಚಿಕ್ಕದು, ಗೋಡೆಯೊಳಗೇ ಇದೆ ಎಂದಾದರೆ ಶಸ್ತ್ರಚಿಕಿತ್ಸೆಯ ಮಾತಾಡಬಹುದು. ದೊಡ್ಡದಾಗಿದ್ದರೆ ಅಥವಾ ಗೋಡೆ ದಾಟಿದ್ದರೆ ವಿಕಿರಣ ಮತ್ತು ಜೊತೆಗೆ ಸಿಸ್‌ಪ್ಲಾಟಿನ್ ಔಷಧವೇ ಸರಿಯಾದ ದಾರಿ.

ನೋಡದೆ ಚೀಲ ತೆಗೆದರೆ ಆಗುವ ನಷ್ಟ ಈಗ ಅರ್ಥವಾಗುತ್ತದೆ. ವಿಕಿರಣ ಚಿಕಿತ್ಸೆಯ ಮುಖ್ಯ ಭಾಗವನ್ನು ಒಳಗಿನಿಂದ ಕೊಡಬೇಕು. ಇದಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಅದರಲ್ಲಿ ವಿಕಿರಣದ ಮೂಲವನ್ನು ಒಯ್ಯುವ ಸಣ್ಣ ಕೊಳವೆಯನ್ನು ಗರ್ಭಕೋಶದ ಪೊಳ್ಳಿನೊಳಗೇ ಕೂರಿಸುತ್ತಾರೆ. ಗರ್ಭಕೋಶವೇ ಇಲ್ಲವಾದರೆ ಕೊಳವೆ ಕೂರಿಸಲು ಜಾಗವೆಲ್ಲಿ? ಉಳಿದ ಗಡ್ಡೆಗೆ ಬೇಕಾದಷ್ಟು ಪ್ರಮಾಣ ಮುಟ್ಟಿಸುವುದು ಆಗ ಕಠಿಣ. ಎಂಆರ್‌ಐ ನೋಡಿಕೊಂಡು ಬ್ರಾಕಿಥೆರಪಿ ಕೊಟ್ಟರೆ ಫಲ ಎಷ್ಟು ಚೆನ್ನಾಗಿರುತ್ತದೆ ಎಂಬುದನ್ನು ಎಂಬ್ರೇಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ 2021ರಲ್ಲಿ ತೋರಿಸಿತು. 1300ಕ್ಕೂ ಹೆಚ್ಚು ಮಹಿಳೆಯರಲ್ಲಿ, 5 ವರ್ಷಗಳ ಕೊನೆಗೆ ನೂರಕ್ಕೆ 92ರಷ್ಟು ಮಂದಿಗೆ ಗಡ್ಡೆ ಮೂಲ ಜಾಗದಲ್ಲಿ ಹತೋಟಿಯಲ್ಲಿತ್ತು.

ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲಿ ಪ್ರಶ್ನೆ ಬೇರೆ: ಗಡ್ಡೆ ಸ್ನಾಯುಗೋಡೆಯ ಅರ್ಧದವರೆಗೆ ಇಳಿದಿದೆಯೋ, ಅರ್ಧವನ್ನು ದಾಟಿದೆಯೋ? ದಾಟಿದ್ದರೆ ದುಗ್ಧಗ್ರಂಥಿಗಳಿಗೆ ಹರಡಿರುವ ಸಾಧ್ಯತೆ ಹೆಚ್ಚು, ಶಸ್ತ್ರಚಿಕಿತ್ಸೆಯ ವಿಸ್ತಾರವೂ ಬದಲಾಗುತ್ತದೆ. ಡಿಡಬ್ಲ್ಯುಐಯಲ್ಲಿ ಗಡ್ಡೆ ಬೆಳಕು, ಸ್ನಾಯು ನೆರಳು, ಗಡಿರೇಖೆ ಸ್ಪಷ್ಟ. ಚಿತ್ರವನ್ನು ಸ್ಪಷ್ಟಗೊಳಿಸಲು ರಕ್ತನಾಳಕ್ಕೆ ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಡದೆಯೇ ಈ ಗಡಿ ಸಿಗುವುದರಿಂದ ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಿಗೆ ಇದು ದೊಡ್ಡ ಅನುಕೂಲ.

ಅಂಡಾಶಯದ ಗಡ್ಡೆಯಲ್ಲಿ ಮೊದಲ ಪ್ರಶ್ನೆಯೇ ಇದು ಕ್ಯಾನ್ಸರೋ ಅಲ್ಲವೋ ಎಂಬುದು. ಗಡ್ಡೆಯ ಗಟ್ಟಿ ಭಾಗ ಸಾಮಾನ್ಯ ಚಿತ್ರದಲ್ಲೂ ಕಪ್ಪು, ಡಿಡಬ್ಲ್ಯುಐಯಲ್ಲೂ ಕಪ್ಪು ಎಂದಾದರೆ ಅದು ಬಹುಮಟ್ಟಿಗೆ ನಿರುಪದ್ರವಿ ನಾರುಗಡ್ಡೆ. ಓ-ರ್‍ಯಾಡ್ಸ್ ಎಂಬ ಅಂತರರಾಷ್ಟ್ರೀಯ ಅಂಕಪದ್ಧತಿ ಈ ಒಂದು ಗುರುತಿನ ಮೇಲೆಯೇ ಅದನ್ನು ಕ್ಯಾನ್ಸರಿನ ಸಾಧ್ಯತೆ ತೀರ ಕಡಿಮೆಯಿರುವ ಗುಂಪಿಗೆ ಸೇರಿಸುತ್ತದೆ. ಕ್ಯಾನ್ಸರ್ ಹೊಟ್ಟೆಯೊಳಗೆ ಹರಡಿ ನೀರು ತುಂಬಿಕೊಂಡಾಗ ಕರುಳಿನ ಮೇಲೆ, ಯಕೃತ್ತಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ಕಣಗಳಾಗಿ ಅಂಟಿಕೊಂಡಿರುತ್ತದೆ. ಡಿಡಬ್ಲ್ಯುಐಯಲ್ಲಿ ತುಂಬಿದ ನೀರು ಕಪ್ಪಾಗಿ, ಕಣಗಳು ಚುಕ್ಕಿಗಳಂತೆ ಹೊಳೆಯುತ್ತವೆ.

ಬೆಳ್ಳಗಿರುವುದೆಲ್ಲ ಕ್ಯಾನ್ಸರ್ ಅಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರದ ಮಾತೂ ಅಷ್ಟೇ ಮುಖ್ಯ. ಬರೀ ಊತದ ಬಾವಿನಂತಲ್ಲದೆ, ಕೀವು ತುಂಬಿದ ಬಾವಿನ ಒಳಗು ಮಂದವಾಗಿರುತ್ತದೆ, ಅದರಲ್ಲಿ ನೀರು ಸಲೀಸಾಗಿ ಓಡಾಡಲಾರದು, ಅದೂ ಬೆಳಗುತ್ತದೆ. ಅಂಡಾಶಯದ ಚಾಕೊಲೆಟ್ ಗಡ್ಡೆಯೊಳಗಿನ ಹಳೆಯ ರಕ್ತವೂ ಹಾಗೆಯೇ. ಆರೋಗ್ಯವಾದ ದುಗ್ಧಗ್ರಂಥಿಗಳಲ್ಲೂ ಕೋಶಗಳು ಒತ್ತಾಗಿರುವುದರಿಂದ ಅವು ಯಾವಾಗಲೂ ಬೆಳ್ಳಗೇ ಕಾಣುತ್ತವೆ. ಆದ್ದರಿಂದ ಗ್ರಂಥಿ ಎಲ್ಲಿದೆ ಎಂದು ಡಿಡಬ್ಲ್ಯುಐ ಹೇಳೀತು, ಅದರೊಳಗೆ ಕ್ಯಾನ್ಸರ್ ಇದೆಯೇ ಎಂದು ಅದೊಂದೇ ಹೇಳಲಾರದು. ಕರುಳಿನ ಗಾಳಿ ಚಿತ್ರವನ್ನು ಸೊಟ್ಟಗಾಗಿಸುತ್ತದೆ. ಎಡಿಸಿ ಅಂಕಿ ಯಂತ್ರದಿಂದ ಯಂತ್ರಕ್ಕೆ ತುಸು ಬದಲಾಗುತ್ತದೆ, ನಿರಪಾಯದ ಗಡ್ಡೆಯ ಅಂಕಿಯೂ ಕ್ಯಾನ್ಸರಿನ ಅಂಕಿಯೂ ಒಂದರ ಮೇಲೊಂದು ಬೀಳುವುದುಂಟು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ತೀರ್ಪು, ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯದು. ಎಲ್ಲಿಯವರೆಗೆ ಹೋಗಿದೆ ಎಂಬ ತೀರ್ಪಿನಲ್ಲಿ ಎಂಆರ್‌ಐ ದೊಡ್ಡ ಸಾಕ್ಷಿ. ರೋಗಲಕ್ಷಣವಿಲ್ಲದ ಮಹಿಳೆಯಲ್ಲಿ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಪರೀಕ್ಷೆಯೂ ಇದಲ್ಲ.

ಚಿಕಿತ್ಸೆ ಶುರುವಾದ ಮೇಲೆ ಇದಕ್ಕೆ ಇನ್ನೊಂದು ಕೆಲಸವಿದೆ. ವಿಕಿರಣ ಫಲಿಸುತ್ತಿದ್ದರೆ ಗಡ್ಡೆಯ ಕೋಶಗಳು ಸಾಯುತ್ತವೆ, ಪೊರೆಗಳು ಒಡೆಯುತ್ತವೆ, ನೀರಿಗೆ ದಾರಿ ತೆರೆಯುತ್ತದೆ. ಗಡ್ಡೆಯ ಗಾತ್ರ ಇಳಿಯುವ ಮೊದಲೇ, ಕೆಲವೇ ವಾರಗಳಲ್ಲಿ, ಎಡಿಸಿ ಅಂಕಿ ಏರತೊಡಗುತ್ತದೆ.

ಯಂತ್ರದ ಕೋಣೆಯಲ್ಲಿ

“ಮಿಷನ್‌ನ್ಯಾಗ ಹಾಕ್ತಾರಂತ” ಎಂಬ ಮಾತಿಗೇ ಅನೇಕರು ಹೆದರುತ್ತಾರೆ. ಹೆದರುವಂಥದ್ದು ಅಲ್ಲಿ ಹೆಚ್ಚಿಲ್ಲ. ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ, ನೋವಿಲ್ಲ. ಕೊಳವೆಯಂಥ ಜಾಗದಲ್ಲಿ ಅರ್ಧ ಗಂಟೆಗೂ ಮೀರಿ ಅಲುಗಾಡದೆ ಮಲಗಬೇಕು. ಡಿಡಬ್ಲ್ಯುಐ ತೆಗೆಯುವಾಗ ಯಂತ್ರ ಜೋರಾಗಿ ಬಡಿಯುತ್ತದೆ, ಹಾಸಿಗೆ ನಡುಗಿದಂತಾಗುತ್ತದೆ; ಅದು ಕಾಂತ ಮಿಡಿತಗಳ ಸದ್ದು. ಕಿವಿಗೆ ಹತ್ತಿ ಅಥವಾ ಮುಚ್ಚಳ ಕೇಳಿ ಪಡೆಯಬೇಕು. ಕರುಳಿನ ಚಲನೆ ತಗ್ಗಿಸಲು ಕೆಲವೊಮ್ಮೆ ಒಂದು ಚುಚ್ಚುಮದ್ದು ಕೊಡುತ್ತಾರೆ.

ಕಷ್ಟ ಬರುವುದು ಆಭರಣದ ವಿಷಯದಲ್ಲಿ. ತಾಳಿ, ಕಾಲುಂಗುರ, ಬಳೆ, ಸೀರೆಯ ಪಿನ್ನು, ತಲೆಯ ಕ್ಲಿಪ್ಪು ಎಲ್ಲವನ್ನೂ ತೆಗೆಯಬೇಕು. ಕಬ್ಬಿಣದ ಪಿನ್ನನ್ನು ಅಯಸ್ಕಾಂತ ಸೆಳೆದರೆ ಅದು ಬಾಣದಂತೆ ಹಾರೀತು. ಚಿನ್ನ ಬೆಳ್ಳಿಯನ್ನು ಸೆಳೆಯದಿದ್ದರೂ ಲೋಹ ಬಿಸಿಯಾಗಬಹುದು, ಚಿತ್ರ ಕೆಡಬಹುದು. ಮದುವೆಯಾದಂದಿನಿಂದ ತಾಳಿ ತೆಗೆಯದ ಹೆಣ್ಣುಮಗಳಿಗೆ ಬಾಗಿಲಲ್ಲಿ ನಿಂತು “ತಗೀರಿ, ತಗೀರಿ” ಎಂದು ಅವಸರ ಮಾಡಿದರೆ ಅವಳು ಅರ್ಧದಾರಿಯಲ್ಲೇ ಮನಸ್ಸು ಬದಲಿಸಿ ಮನೆಗೆ ಹೋದಾಳು. ಏಕೆಂದು ಎರಡು ಮಾತು ಹೇಳಿ, ತಾಳಿಯನ್ನು ಜೊತೆಗೆ ಬಂದವರ ಕೈಗೆ ಅವಳೇ ಕೊಡುವಂತೆ ಮಾಡುವುದು ಚಿಕಿತ್ಸೆಯದೇ ಒಂದು ಭಾಗ.

ಕೊಪ್ಪಳದ ಲೆಕ್ಕ

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾಕ್ಕೆ ಮಳೆ ನಂಬಿದ ಬೇಸಾಯ. ದುಡಿಮೆ ಮಾತ್ರ ಎರಡೂ ಕಡೆ ಹೆಂಗಸರದೇ ಹೆಚ್ಚು. ಕಾಯಿಲೆ ದೊಡ್ಡದೆಂದರೆ ಗಂಗಾವತಿಯವರು ಬಳ್ಳಾರಿಯ ಕಡೆ ಮುಖ ಮಾಡುತ್ತಾರೆ, ಕುಷ್ಟಗಿಯವರು ಬಾಗಲಕೋಟೆಗೆ, ಕೊಪ್ಪಳ ಯಲಬುರ್ಗಾದವರು ಹುಬ್ಬಳ್ಳಿಗೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಕೊಪ್ಪಳಕ್ಕೇ ವೈದ್ಯಕೀಯ ಕಾಲೇಜು ಬಂದಿದೆ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲೂ ಶುರುವಾಯಿತು.

ದಾರಿ ಹತ್ತಿರವಾದರೂ ಮನೆಯ ಹೊಸ್ತಿಲು ದಾಟುವುದು ಬಾಕಿ ಇರುತ್ತದೆ. ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಕೊಪ್ಪಳ ಜಿಲ್ಲೆಯ ಹಳ್ಳಿಮನೆಗಳಲ್ಲಿ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ಇದನ್ನು ಬಿಡಿಸಿ ತೋರಿಸಿತು. ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಶುರುವೇ ಆಗದಿರುವುದು, ಆದರೂ ನಡುವೆ ನಿಂತುಹೋಗುವುದು ಹೆಂಗಸರ ಪಾಲಿಗೇ ಹೆಚ್ಚು. ಬಡತನದ ಜೊತೆಗೆ ಮನೆಯೊಳಗಿನ ತಾರತಮ್ಯವೂ ಅದಕ್ಕೆ ಕಾರಣ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೀಗೆ ನಡುವೆ ನಿಲ್ಲಿಸುವುದು ಪ್ರಾಣಕ್ಕೇ ಎರವು. ಹೊರಗಿನ ವಿಕಿರಣ ಸಾಮಾನ್ಯವಾಗಿ 5 ವಾರ, ಆಮೇಲೆ ಬ್ರಾಕಿಥೆರಪಿ. ಎಲ್ಲವೂ 8 ವಾರದೊಳಗೆ ಮುಗಿಯಬೇಕು. ಭತ್ತ ನಾಟಿಯ ಹೊತ್ತಿನಲ್ಲಿ 8 ವಾರದ ಕೂಲಿ ಬಿಡುವುದೆಂದರೆ ಏನೆಂದು ಗಂಗಾವತಿಯ ಕೂಲಿಕಾರ ಮನೆಗಳಿಗೆ ಗೊತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ನೋಡಿಕೊಳ್ಳುತ್ತದೆ. ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವವರು ಯಾರು ಎಂಬ ಪ್ರಶ್ನೆಯನ್ನು ಊರು, ಸರಕಾರ ಎರಡೂ ಎದುರಿಸಲೇಬೇಕು.

ಅನಗತ್ಯವಾಗಿ ಚೀಲ ತೆಗೆಯುವ ಪಿಡುಗನ್ನು ನಮ್ಮದೇ ಭಾಗದ ಕಲಬುರಗಿ ಜಿಲ್ಲೆ ಕಣ್ಣಾರೆ ಕಂಡಿದೆ. ಅಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದ ಪ್ರಕರಣ 2015ರ ಹೊತ್ತಿಗೆ ಬಯಲಾಗಿ, ಆ ಮಹಿಳೆಯರೇ ನ್ಯಾಯಕ್ಕಾಗಿ ಹೋರಾಟಕ್ಕಿಳಿದರು. ಬಿಳಿಸೆರಗಿಗೂ ಬೆನ್ನುನೋವಿಗೂ ಚೀಲ ತೆಗೆಯುವ ದವಾಖಾನೆ ಒಂದು ಕಡೆ, ಕ್ಯಾನ್ಸರ್ ಇದ್ದರೂ ನೋಡದೆ ತೆಗೆಯುವ ಅವಸರ ಇನ್ನೊಂದು ಕಡೆ. ತಪ್ಪು ಎರಡರಲ್ಲೂ ಒಂದೇ: ಮೊದಲು ನೋಡಲಿಲ್ಲ.

ನೋಡುವುದಕ್ಕೆ ಒಂದು ಕ್ರಮವಿದೆ, ಅದು ದುಬಾರಿ ಯಂತ್ರದಿಂದ ಶುರುವಾಗುವುದಿಲ್ಲ. 30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಇದಕ್ಕಿಂತ ಚುರುಕು. ಕೊಪ್ಪಳದಂತೆಯೇ ಬರಪೀಡಿತವಾದ ಮರಾಠವಾಡದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 1 ಲಕ್ಷ 31 ಸಾವಿರಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರೊಡನೆ ನಡೆಸಿದ ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು: ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ಪರೀಕ್ಷೆಯಲ್ಲಿ ಅನುಮಾನ ಬಂದರೆ ಬಯಾಪ್ಸಿ. ಬಯಾಪ್ಸಿ ಕ್ಯಾನ್ಸರ್ ಎಂದರೆ, ಕತ್ತಿ ಎತ್ತುವ ಮೊದಲು ಡಿಡಬ್ಲ್ಯುಐ ಸಹಿತ ಎಂಆರ್‌ಐ. ಆಮೇಲೆ ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಂಬ ತೀರ್ಮಾನ. ಗರ್ಭಚೀಲ ತೆಗೆಯಬೇಕೆಂದು ಯಾರೇ ಹೇಳಿದರೂ ಮೂರು ಮಾತು ಕೇಳುವ ಹಕ್ಕು ಪ್ರತಿ ಹೆಣ್ಣುಮಗಳಿಗಿದೆ: ಗರ್ಭಕಂಠವನ್ನು ಕಣ್ಣಾರೆ ನೋಡಿದಿರಾ? ಬಯಾಪ್ಸಿ ಆಯಿತೇ? ಕ್ಯಾನ್ಸರ್ ಇದ್ದರೆ ಎಲ್ಲಿಯವರೆಗೆ ಹೋಗಿದೆಯೆಂದು ಹೇಗೆ ತಿಳಿದಿರಿ? ಈ ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಮುಟ್ಟಿಸಲಿ, ಗಂಡಂದಿರು, ಮಕ್ಕಳು ಅವಳ ಪರವಾಗಿ ಕೇಳಲಿ. ಕುಷ್ಟಗಿಯ ಹೊಲದಿಂದ ಬಂದ ತಾಯಿಗೂ ಉತ್ತರ ಕೊಟ್ಟ ಮೇಲೆಯೇ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ನಮ್ಮ ಎಲ್ಲ ದವಾಖಾನೆಗಳ ರೂಢಿಯಾಗಬೇಕು.